ಬೆಂಗಳೂರಿನಿಂದ ಜಿದ್ದಾ: ತಿಂಗಳುಗಳ ಹಾದಿ ಆರು ಗಂಟೆಗಳಾದ ಚರಿತ್ರೆ

ಪವಿತ್ರ ಕುರ್‌ಆನಿನ ಅಲ್‌ಹಜ್ಜ್ ಅಧ್ಯಾಯದ 27ನೇ ವಚನದಲ್ಲಿ ಅಲ್ಲಾಹನು ಪ್ರವಾದಿ ಇಬ್ರಾಹೀಮ್(ಅ)ರಿಗೆ ಜನರನ್ನು ಹಜ್ಜ್‌ಗೆ ಕರೆಯುವಂತೆ ಆಜ್ಞಾಪಿಸುತ್ತಾನೆ. ಆ ಕರೆಗೆ ಓಗೊಟ್ಟು ಜನರು ಕಾಲ್ನಡಿಗೆಯಲ್ಲೂ ಬಡಕಲು ಒಂಟೆಗಳ ಮೇಲೂ ದೂರದೂರದ ಕಣಿವೆ ದಾರಿಗಳಿಂದ ಬರುವರೆಂದು ಅದೇ ವಚನವು ತಿಳಿಸುತ್ತದೆ. ಒಂಟೆಗಳು ಬಡಕಲಾಗಲು ಕಾರಣ ಮೇವಿನ ಕೊರತೆಯಷ್ಟೇ ಅಲ್ಲ, ದಾರಿಯ ದೀರ್ಘತೆ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮರಳುಗಾಡಿನ ಹಡಗೆಂದು ಕರೆಯಲ್ಪಡುವ ಪ್ರಾಣಿಯೇ ಸೊರಗಿ ಹೋಗುವಷ್ಟು ದೂರದಿಂದ ಮನುಷ್ಯರು ಆ ಭವನದತ್ತ ಬರುವರು ಎಂಬುದು ಅದರ ಆಶಯ.

ಇಂದು ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಜಿದ್ದಾದ ಕಿಂಗ್ ಅಬ್ದುಲ್ ಅಝೀಝ್ ವಿಮಾನ ನಿಲ್ದಾಣಕ್ಕೆ ನೇರ ಆಕಾಶ ಮಾರ್ಗದ ದೂರ ಸುಮಾರು 4,180 ಕಿ.ಮೀ. ನೇರ ವಿಮಾನವು ಈ ದೂರವನ್ನು ಸುಮಾರು ಆರು ಗಂಟೆಗಳಲ್ಲಿ ಕ್ರಮಿಸುತ್ತದೆ. ಮರಳುವಾಗ ಗಾಳಿ ಅನುಕೂಲವಾಗಿದ್ದರೆ ಸಮಯ ಇನ್ನೂ ತುಸು ಕಡಿಮೆ. ಜಿದ್ದಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಿರುವುದರಿಂದ, ಬೆಳಿಗ್ಗೆ ಹತ್ತಕ್ಕೆ ಇಲ್ಲಿಂದ ಹೊರಟವರು ಅಲ್ಲಿಯ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಇಳಿಯುತ್ತಾರೆ. ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಲು ಇದಕ್ಕಿಂತ ಹೆಚ್ಚು ಸಮಯ ಬೇಕು. ಬೀದರಿನ ಯಾತ್ರಿಕರಿಗಂತೂ ಬೆಂಗಳೂರಿನ ವಿಮಾನ ನಿಲ್ದಾಣವನ್ನು ತಲುಪುವುದೇ ಅಲ್ಲಿಂದ ಜಿದ್ದಾ ತಲುಪುವುದಕ್ಕಿಂತ ದೀರ್ಘವಾದ ಪ್ರಯಾಣ.

ನಮಗೂ ಜಿದ್ದಾಕ್ಕೂ ನಡುವಿನ ನೆಲ ಮತ್ತು ಕಡಲು ಒಂದು ಮೊಳದಷ್ಟೂ ಕಿರಿದಾಗಿಲ್ಲ. ಕಿರಿದಾಗಿರುವುದು ಸಮಯ ಮಾತ್ರ. ನಮ್ಮ ಪೂರ್ವಜರಿಗೆ ದಾರಿಯು ತಿಂಗಳುಗಟ್ಟಲೆ ಕಲಿಸುತ್ತಿದ್ದ ಪಾಠವನ್ನು ಆರು ಗಂಟೆಗಳ ಆಸನ ನಮಗೆ ಕಲಿಸಬಲ್ಲದೇ? ಕಲಿಸದಿದ್ದರೆ ಆ ಪಾಠವನ್ನು ನಾವು ಎಲ್ಲಿ ಕಲಿಯಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಆ ಹಾದಿಯ ಚರಿತ್ರೆಯನ್ನೊಮ್ಮೆ ನೋಡುವುದು ಅಗತ್ಯ.

ದೂರವನ್ನು ದಿನಗಳಲ್ಲಿ ಅಳೆದ ಕಾಲ

ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ದೂರ ಮತ್ತು ಸಮಯ ಎಂಬುವು ಎರಡು ಬೇರೆ ಸಂಗತಿಗಳಾಗಿರಲಿಲ್ಲ. ಒಂದು ಊರು ಎಷ್ಟು ದೂರವೆಂದು ಕೇಳಿದರೆ ಎಷ್ಟು ದಿನದ ಹಾದಿ ಎಂದೇ ಉತ್ತರ ಬರುತ್ತಿತ್ತು. ಇಸ್ರಾದ ಮರುದಿನ ಪ್ರವಾದಿ(ಸ)ರು ತಾವು ಒಂದೇ ರಾತ್ರಿಯಲ್ಲಿ ಬೈತುಲ್ ಮುಖದ್ದಸ್‌ಗೆ ಹೋಗಿ ಬಂದುದನ್ನು ತಿಳಿಸಿದಾಗ ಖುರೈಶರು ಅಪಹಾಸ್ಯ ಮಾಡಿದುದು ಇದೇ ಲೆಕ್ಕದ ಬಲದಿಂದ. ವರ್ತಕ ತಂಡಗಳಿಗೆ ಹೋಗಲು ಒಂದು ತಿಂಗಳು, ಬರಲು ಒಂದು ತಿಂಗಳು ಬೇಕಾಗುತ್ತಿದ್ದ ಹಾದಿಯದು. ಅವರ ಪಾಲಿಗೆ ದೂರವೆಂದರೆ ಒಂಟೆಯ ಹೆಜ್ಜೆಯ ಲೆಕ್ಕ. ಆ ಹೆಜ್ಜೆಗೆ ಮೀರಿದ ಶಕ್ತಿಯೊಂದು ಇರಬಲ್ಲದೆಂದು ಅವರು ಯೋಚಿಸಲಿಲ್ಲ. ಅಬೂಬಕರ್(ರ) ಮಾತ್ರ ಲೆಕ್ಕವನ್ನು ಬದಿಗಿರಿಸಿ, ಹೇಳಿದವರು ಯಾರೆಂಬುದನ್ನು ನೋಡಿ ನಂಬಿದರು. ಸಿದ್ದೀಖ್ ಎಂಬ ಬಿರುದು ಅವರಿಗೆ ದೊರೆತುದು ಈ ಸಂದರ್ಭದಲ್ಲಿ ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ.

ಫಿಕ್ಹ್ ಗ್ರಂಥಗಳೂ ಇದೇ ಅಳತೆಯನ್ನು ಬಳಸಿವೆ. ಒಂದು ದಿನದ ಸಾಮಾನ್ಯ ಪ್ರಯಾಣಕ್ಕೆ ಒಂದು ಮರ್ಹಲ ಎನ್ನುತ್ತಾರೆ. ಪ್ರಯಾಣಿಕನು ನಾಲ್ಕು ರಕ್‌ಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸಬಹುದಾದ ದೂರವನ್ನು ಹನಫಿ ವಿದ್ವಾಂಸರು ಮೂರು ದಿನಗಳ ಹಾದಿ ಎಂದರು, ಶಾಫಿಈ ವಿದ್ವಾಂಸರು ಎರಡು ಮರ್ಹಲ ಎಂದರು. ಕರ್ನಾಟಕದ ಕರಾವಳಿಯಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬನ್ನೂ ಘಟ್ಟದ ಮೇಲೆ ಹೆಚ್ಚಿನವರು ಹನಫಿ ಮದ್‌ಹಬನ್ನೂ ಅನುಸರಿಸುವುದರಿಂದ ಈ ಎರಡು ಲೆಕ್ಕಗಳೂ ನಮ್ಮ ಮನೆಗಳಲ್ಲಿ ಪರಿಚಿತವಾಗಿವೆ. ಇಂದಿನ ವಿದ್ವಾಂಸರು ಇದನ್ನು ಕಿಲೋಮೀಟರುಗಳಿಗೆ ಪರಿವರ್ತಿಸುವಾಗ 77ರಿಂದ ಮೇಲಕ್ಕೆ ಬೇರೆಬೇರೆ ಸಂಖ್ಯೆಗಳನ್ನು ಹೇಳುತ್ತಾರೆ. ವಿಮಾನವು 77 ಕಿ.ಮೀ. ದೂರವನ್ನು ಐದಾರು ನಿಮಿಷಗಳಲ್ಲಿ ದಾಟಿಬಿಡುತ್ತದೆ.

ಹಾಗಾದರೆ ಆರಾಮವಾಗಿ ಕುಳಿತು ಐದಾರು ನಿಮಿಷ ಹಾರಿದವನಿಗೂ ಪ್ರಯಾಣಿಕನ ರಿಯಾಯಿತಿ ಇದೆಯೇ? ವಿಮಾನದ ಕಲ್ಪನೆಯೂ ಇಲ್ಲದ ಕಾಲದಲ್ಲಿ ಬದುಕಿದ್ದ, ಹಿಜರಿ 676ರಲ್ಲಿ (ಕ್ರಿ.ಶ. 1277) ನಿಧನರಾದ ಇಮಾಮ್ ನವವಿ(ರ) ತಮ್ಮ ಮಿನ್‌ಹಾಜ್ ಗ್ರಂಥದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಸಮುದ್ರದ ದೂರಕ್ಕೂ ನೆಲದ ದೂರದ ಅಳತೆಯೇ ಅನ್ವಯವಾಗುತ್ತದೆ, ಒಬ್ಬನು ಹಡಗಿನಲ್ಲಿ ಆ ಮೈಲಿಗಳನ್ನೆಲ್ಲ ಒಂದೇ ಗಳಿಗೆಯಲ್ಲಿ ದಾಟಿದರೂ ಅವನು ನಮಾಝನ್ನು ಇಳಿಸಿ ನಿರ್ವಹಿಸಬಹುದು ಎಂಬುದು ಅವರ ಅಭಿಪ್ರಾಯದ ಸಾರ. ರಭಸದ ಗಾಳಿಗೆ ಸಿಕ್ಕಿದ ಹಾಯಿಹಡಗನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಈ ಒಂದು ವಾಕ್ಯವು ಏಳೂವರೆ ಶತಮಾನಗಳ ಬಳಿಕ ವಿಮಾನಯಾತ್ರಿಕರಿಗೂ ಮಾರ್ಗದರ್ಶಿಯಾಗಿದೆ.

ಇದರಲ್ಲಿ ಆಳವಾದ ತಿಳಿವಳಿಕೆಯಿದೆ. ಶರೀಅತ್ ನಿಯಮವನ್ನು ದೂರಕ್ಕೆ ಕಟ್ಟಿತೇ ಹೊರತು ದಣಿವಿಗೆ ಕಟ್ಟಲಿಲ್ಲ. ದಣಿವು ಒಬ್ಬರಿಂದೊಬ್ಬರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಮನೆಯಿಂದ ಎಷ್ಟು ದೂರ ಬಂದಿದ್ದೇವೆ ಎಂಬುದು ಬದಲಾಗುವುದಿಲ್ಲ. ಆರು ಗಂಟೆಗಳಲ್ಲಿ ತಲುಪಿದರೂ ಶರೀಅತ್‌ನ ದೃಷ್ಟಿಯಲ್ಲಿ ನಾವು 4,180 ಕಿ.ಮೀ. ದೂರ ಬಂದ ಮುಸಾಫಿರರೇ.

ಗಾಳಿಯ ಋತು, ಚಂದ್ರನ ತಿಂಗಳು

ಭಾರತದಿಂದ ಹಿಜಾಝ್‌ಗೆ ಹೋಗುವ ಮುಖ್ಯ ಹಾದಿ ಶತಮಾನಗಳ ಕಾಲ ಸಮುದ್ರವೇ ಆಗಿತ್ತು. ಅರಬಿ ಸಮುದ್ರದ ಗಾಳಿ ಚಳಿಗಾಲದಲ್ಲಿ ಈಶಾನ್ಯದಿಂದ ಬೀಸಿ ಹಾಯಿಹಡಗುಗಳನ್ನು ಅರೇಬಿಯದತ್ತ ಒಯ್ಯುತ್ತದೆ. ಮಳೆಗಾಲದಲ್ಲಿ ನೈಋತ್ಯದಿಂದ ಬೀಸಿ ನಮ್ಮ ತೀರದತ್ತ ತರುತ್ತದೆ. ಮುಂಗಾರಿನ ಅಬ್ಬರದ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಮುಚ್ಚಿರುತ್ತಿದ್ದವು. ಹಾಗಾಗಿ ಸೂರತ್‌ನ ಹಡಗುಗಳು ಮಳೆಗಾಲಕ್ಕೆ ಮೊದಲೇ ಹೊರಟು, ಮಳೆಯ ಅಬ್ಬರ ಇಳಿದ ಮೇಲೆ ಮರಳುತ್ತಿದ್ದವು.

ಇಲ್ಲಿ ಯಾತ್ರಿಕರಿಗೆ ಒಂದು ವಿಶೇಷ ಕಷ್ಟವಿತ್ತು. ಗಾಳಿಯ ಋತು ಸೂರ್ಯನ ವರ್ಷವನ್ನು ಅನುಸರಿಸುತ್ತದೆ, ಹಜ್ಜ್‌ನ ದಿನಗಳು ಚಂದ್ರನ ವರ್ಷವನ್ನು ಅನುಸರಿಸುತ್ತವೆ. ದುಲ್‌ಹಜ್ಜ್ ತಿಂಗಳು ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಕೆಲವು ವರ್ಷ ಹಡಗು ತಲುಪಿದ ಕೆಲವೇ ವಾರಗಳಲ್ಲಿ ಅರಫಾ ಬರುತ್ತಿತ್ತು. ಇನ್ನು ಕೆಲವು ವರ್ಷ ಯಾತ್ರಿಕರು ಮಕ್ಕಾದಲ್ಲಿ ಹಲವು ತಿಂಗಳು ಕಾಯಬೇಕಾಗುತ್ತಿತ್ತು, ಹಜ್ಜ್ ಮುಗಿದ ಮೇಲೆ ಗಾಳಿಗಾಗಿ ಮತ್ತೆ ಕಾಯಬೇಕಾಗುತ್ತಿತ್ತು. ಆದುದರಿಂದ ಹಜ್ಜ್ ಎಂದರೆ ಮನೆಯಿಂದ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ದೂರವಿರುವ ಕಾರ್ಯವಾಗಿತ್ತು.

ಆ ಕಾಲದ ಸಮುದ್ರಯಾನ ಹೇಗಿತ್ತೆಂದು ತಿಳಿಯಲು ಇಬ್ನ್ ಜುಬೈರ್‌ರ ಪ್ರವಾಸಕಥನ ಉತ್ತಮ ಆಧಾರ. ಸ್ಪೇನಿನ ಗ್ರನಾಡಾದಿಂದ 1183ರಲ್ಲಿ ಹೊರಟ ಅವರು ಅದೇ ವರ್ಷದ ಜುಲೈ ತಿಂಗಳಲ್ಲಿ ಆಫ್ರಿಕದ ಐದಾಬ್ ಬಂದರಿನಿಂದ ಕೆಂಪು ಸಮುದ್ರ ದಾಟಿ ಜಿದ್ದಾ ತಲುಪಿದರು. ಸುಮಾರು 300 ಕಿ.ಮೀ. ಅಗಲದ ಆ ನೀರನ್ನು ದಾಟಲು ಸುಮಾರು ಎಂಟು ದಿನ ಬೇಕಾಯಿತು. ಆ ದೋಣಿಗಳಿಗೆ ಒಂದು ಮೊಳೆಯನ್ನೂ ಬಳಸುತ್ತಿರಲಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು, ಮರ ಮತ್ತು ನಾರು ಭಾರತ ಹಾಗೂ ಯಮನ್‌ನಿಂದ ಬರುತ್ತಿದ್ದವು ಎಂದು ಅವರು ಬರೆದಿದ್ದಾರೆ. ದೋಣಿಯ ಮಾಲಕರು ಒಂದೇ ಯಾತ್ರೆಯಲ್ಲಿ ದೋಣಿಯ ಬೆಲೆಯನ್ನು ವಸೂಲು ಮಾಡಿಕೊಳ್ಳಲು ಯಾತ್ರಿಕರನ್ನು ಒಬ್ಬರ ಮೇಲೊಬ್ಬರಂತೆ ತುಂಬುತ್ತಿದ್ದುದನ್ನೂ ಅವರು ನೋವಿನಿಂದ ದಾಖಲಿಸಿದ್ದಾರೆ. ಅಂತಹ ದೋಣಿಗಳ ಮೈಕಟ್ಟಿನಲ್ಲಿ ನಮ್ಮ ಪಶ್ಚಿಮ ಕರಾವಳಿಯಂತಹ ತೀರಗಳ ತೆಂಗಿನ ನಾರಿತ್ತು ಎಂಬುದು ನೆನಪಿಡಬೇಕಾದ ಸಂಗತಿ.

ಕರ್ನಾಟಕದ ಕರಾವಳಿಗೂ ಅರೇಬಿಯಕ್ಕೂ ಇದ್ದ ನಂಟಿಗೆ ಇಬ್ನ್ ಬತೂತ ಸಾಕ್ಷಿ. 1325ರಲ್ಲಿ ತಮ್ಮ 21ನೇ ವಯಸ್ಸಿನಲ್ಲಿ ಹಜ್ಜ್‌ಗೆಂದೇ ಮೊರಾಕೊದ ತಾಂಜಾದಿಂದ ಹೊರಟ ಅವರು ಮಕ್ಕಾ ತಲುಪಿದುದು ಮರುವರ್ಷ. ಹಲವು ವರ್ಷಗಳ ಬಳಿಕ, 1342ರ ಸುಮಾರಿಗೆ, ಅವರು ಹೊನ್ನಾವರ, ಬಾರಕೂರು ಮತ್ತು ಮಂಗಳೂರುಗಳನ್ನು ಕಂಡರು. ಹೊನ್ನಾವರದ ಮುಸ್ಲಿಮರು ಶಾಫಿಈ ಮದ್‌ಹಬಿನವರು, ಅಲ್ಲಿಯ ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿದವರು, ಆ ಊರಿನಲ್ಲಿ ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದವು ಎಂದು ಅವರು ದಾಖಲಿಸಿದ್ದಾರೆ. ಕರಿಮೆಣಸನ್ನು ಒಯ್ದ ಹಡಗುಗಳು ವಿದ್ಯೆಯನ್ನೂ ವಿದ್ವಾಂಸರನ್ನೂ ಹೊತ್ತು ತರುತ್ತಿದ್ದವು.

ಮೊಗಲರ ಕಾಲದಲ್ಲಿ ಸೂರತ್ ಮಕ್ಕಾದ ಬಾಗಿಲೆಂದು ಹೆಸರಾಯಿತು. ಬಾಬರನ ಮಗಳು ಗುಲ್ಬದನ್ ಬೇಗಮ್ 1575ರಲ್ಲಿ ರಾಜಮನೆತನದ ಸ್ತ್ರೀಯರೊಂದಿಗೆ ಫತೇಪುರ್ ಸಿಕ್ರಿಯಿಂದ ಹಜ್ಜ್‌ಗೆ ಹೊರಟರು. ಸಮುದ್ರದ ಮೇಲೆ ಪೋರ್ಚುಗೀಸರ ಹಿಡಿತವಿದ್ದ ಕಾಲವದು. ಅವರ ಪರವಾನಗಿ ಚೀಟಿ ಇಲ್ಲದೆ ಹಡಗು ಸುರಕ್ಷಿತವಾಗಿ ಹೋಗುವಂತಿರಲಿಲ್ಲ. ಚಕ್ರವರ್ತಿಯ ಸೋದರತ್ತೆಯೂ ಆ ಚೀಟಿಗಾಗಿ ಸೂರತ್‌ನಲ್ಲಿ ಸುಮಾರು ಒಂದು ವರ್ಷ ಕಾಯಬೇಕಾಯಿತು. ಹಿಜಾಝ್‌ನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲವಿದ್ದು ನಾಲ್ಕು ಬಾರಿ ಹಜ್ಜ್ ನಿರ್ವಹಿಸಿದ ಅವರು ಮರಳುವಾಗ ಏಡನ್ ಬಳಿ ಹಡಗು ಒಡೆದು ಅಲ್ಲಿಯೇ ತಿಂಗಳುಗಟ್ಟಲೆ ಉಳಿಯಬೇಕಾಯಿತು. ಅರಮನೆಗೆ ಮರಳಿದುದು 1582ರಲ್ಲಿ. ಮುಂದೆ 1695ರಲ್ಲಿ ಔರಂಗಝೇಬನ ಗಂಜ್-ಎ-ಸವಾಯಿ ಹಡಗು ಯಾತ್ರಿಕರೊಂದಿಗೆ ಮರಳುತ್ತಿದ್ದಾಗ ಆಂಗ್ಲ ಕಡಲ್ಗಳ್ಳ ಹೆನ್ರಿ ಎವರಿಯ ಕೈಗೆ ಸಿಕ್ಕಿತು. ಅದರಲ್ಲಿದ್ದವರ ಮೇಲೆ ನಡೆದ ಕ್ರೌರ್ಯವು ಆ ಶತಮಾನದ ಕರಾಳ ಅಧ್ಯಾಯಗಳಲ್ಲೊಂದು.

ನಮ್ಮ ನಾಡಿನ ಒಂದು ಯಾತ್ರೆಯನ್ನೂ ಇಲ್ಲಿ ಸ್ಮರಿಸಬೇಕು. ಟಿಪ್ಪು ಸುಲ್ತಾನರು ಉಸ್ಮಾನೀ ಖಲೀಫರ ಬಳಿಗೆ ಗುಲಾಮ್ ಅಲಿ ಖಾನ್‌ರ ನೇತೃತ್ವದಲ್ಲಿ ಕಳುಹಿಸಿದ ರಾಯಭಾರ 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಹೊರಟಿತು. ಮಸ್ಕತ್ ಮತ್ತು ಬಸ್ರಾ ಮಾರ್ಗವಾಗಿ ಇಸ್ತಾಂಬುಲ್ ತಲುಪುವಷ್ಟರಲ್ಲಿ 1787 ಬಂದಿತ್ತು. ಹಡಗು ನಾಶ, ಚಳಿ ಮತ್ತು ಪ್ಲೇಗ್ ತಂಡದ ಬಹುಪಾಲು ಜನರನ್ನು ಬಲಿತೆಗೆದುಕೊಂಡವು. ಉಳಿದವರು ಈಜಿಪ್ಟ್ ಮತ್ತು ಹಿಜಾಝ್ ಮಾರ್ಗವಾಗಿ, ಹಜ್ಜ್ ನಿರ್ವಹಿಸಿ, ಮೂರು ವರ್ಷಗಳಿಗೂ ಮೀರಿದ ಅಲೆದಾಟದ ಬಳಿಕ ತಾಯ್ನಾಡನ್ನು ಕಂಡರು. ನೂರಾರು ಜನ ಹೊರಟ ಯಾತ್ರೆಯಿಂದ ಮರಳಿದವರು ಕೆಲವರೇ.

ಹಬೆಹಡಗು, ರೋಗ ಮತ್ತು ಕಮರಾನ್ ದ್ವೀಪ

ಹತ್ತೊಂಬತ್ತನೇ ಶತಮಾನದಲ್ಲಿ ಹಬೆಹಡಗು ಬಂದ ಮೇಲೆ ಗಾಳಿಯ ಮೇಲಿನ ಅವಲಂಬನೆ ತಪ್ಪಿತು. ಮುಂಬೈಯಿಂದ ಜಿದ್ದಾಕ್ಕೆ ಸಮುದ್ರ ಮಾರ್ಗದ ಸುಮಾರು 4,300 ಕಿ.ಮೀ. ದೂರ ಹತ್ತು ಹದಿನೈದು ದಿನಗಳ ಹಾದಿಯಾಯಿತು. ವರ್ಷದ ಯಾವ ಋತುವಿನಲ್ಲಿ ಹಜ್ಜ್ ಬಂದರೂ ಹೋಗಿ ಬರಬಹುದಾಯಿತು. ಶ್ರೀಮಂತರ ಮತ್ತು ಸಾಹಸಿಗಳ ಯಾತ್ರೆ ಸಾಮಾನ್ಯ ರೈತನ, ದರ್ಜಿಯ, ವಿಧವೆ ತಾಯಿಯ ಕೈಗೆಟುಕಿದುದು ಆಗಲೇ.

ಆದರೆ ವೇಗವು ತನ್ನದೇ ಆದ ಕಷ್ಟವನ್ನು ತಂದಿತು. ಹಿಂದೆ ರೋಗಿಯೊಬ್ಬ ಹಡಗು ಹತ್ತಿದರೆ ದೀರ್ಘ ಪಯಣದಲ್ಲಿ ರೋಗವೂ ಅಲ್ಲಿಯೇ ಮುಗಿದುಹೋಗುವ ಸಂಭವವಿತ್ತು. ಈಗ ಜನರ ಜೊತೆಗೆ ಕಾಲರವೂ ಬೇಗ ತಲುಪತೊಡಗಿತು. 1865ರ ಹಜ್ಜ್ ಸಮಯದಲ್ಲಿ ಕಾಲರದಿಂದ ಸುಮಾರು 15,000 ಯಾತ್ರಿಕರು ಮೃತಪಟ್ಟರೆಂದು ಅಂದಾಜಿಸಲಾಗಿದೆ. ಅಲ್ಲಿಂದ ರೋಗ ಈಜಿಪ್ಟ್ ಮತ್ತು ಯುರೋಪಿಗೂ ಹಬ್ಬಿತು. ಮರುವರ್ಷ ಇಸ್ತಾಂಬುಲ್‌ನಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಸಮ್ಮೇಳನ ಸೇರಿತು. 1882ರಲ್ಲಿ ಯಮನ್ ತೀರದ ಕಮರಾನ್ ದ್ವೀಪದಲ್ಲಿ ದಿಗ್ಬಂಧನ ಕೇಂದ್ರ ತೆರೆಯಿತು. ಭಾರತದಿಂದ ಹೋಗುವ ಯಾತ್ರಿಕರು ಅಲ್ಲಿ ಇಳಿದು, ಬಟ್ಟೆಬರೆಗಳನ್ನು ಹಬೆಗೆ ಒಡ್ಡಿ, ದಿನಗಟ್ಟಲೆ ತಡೆಯಲ್ಪಟ್ಟು, ಆಮೇಲೆ ಜಿದ್ದಾದತ್ತ ಸಾಗಬೇಕಾಗಿತ್ತು.

ಯಾತ್ರಿಕರ ಪ್ರಾಣಕ್ಕೆ ಆ ಕಾಲದಲ್ಲಿ ಎಷ್ಟು ಬೆಲೆಯಿತ್ತು ಎಂಬುದನ್ನು 1880ರ ಆಗಸ್ಟ್ ತಿಂಗಳ ಒಂದು ಘಟನೆ ತೋರಿಸುತ್ತದೆ. ಸಿಂಗಾಪುರ ಮತ್ತು ಪೆನಾಂಗ್‌ನಿಂದ ಒಂಬೈನೂರಕ್ಕೂ ಮಿಕ್ಕಿದ ಯಾತ್ರಿಕರನ್ನು ಹೊತ್ತು ಹೊರಟಿದ್ದ ಜಿದ್ದಾ ಎಂಬ ಹೆಸರಿನ ಹಡಗಿಗೆ ಏಡನ್ ಕೊಲ್ಲಿಯ ಬಳಿ ನೀರು ನುಗ್ಗಿತು. ನಾಯಕನೂ ಯುರೋಪಿಯನ್ ಅಧಿಕಾರಿಗಳೂ ಯಾತ್ರಿಕರನ್ನು ಬಿಟ್ಟು ದೋಣಿ ಹತ್ತಿ ಪಾರಾದರು. ಏಡನ್ ತಲುಪಿ ಹಡಗು ಮುಳುಗಿತೆಂದು ವರದಿಯನ್ನೂ ಮಾಡಿದರು. ಆದರೆ ಮರುದಿನ ಇನ್ನೊಂದು ಹಡಗು ಅದೇ ಜಿದ್ದಾವನ್ನು ಎಳೆದುಕೊಂಡು ಏಡನ್ ಬಂದರಿಗೆ ಬಂದಿತು. ಯಾತ್ರಿಕರು ತಾವೇ ನೀರು ಹೊರಚೆಲ್ಲುತ್ತಾ ಹಡಗನ್ನು ತೇಲಿಸಿಕೊಂಡಿದ್ದರು. ಮುಂದೆ ಇದೇ ಘಟನೆ ಜೋಸೆಫ್ ಕಾನ್ರಾಡ್‌ರ ಲಾರ್ಡ್ ಜಿಮ್ ಕಾದಂಬರಿಗೆ ಪ್ರೇರಣೆಯಾಯಿತು. ಆ ಕಾದಂಬರಿ ಓಡಿಹೋದ ಅಧಿಕಾರಿಯ ಮನಸ್ಸಿನ ಕಥೆ. ಹಡಗನ್ನು ಉಳಿಸಿಕೊಂಡವರ ಹೆಸರುಗಳನ್ನು ಲೋಕ ಕೇಳಲಿಲ್ಲ, ಅಲ್ಲಾಹನಿಗೆ ಅವು ಗೊತ್ತಿವೆ.

ನೆಲದ ಹಾದಿಯೂ ಕಿರಿದಾಗತೊಡಗಿತು. ದಮಾಸ್ಕಸ್‌ನಿಂದ ಮದೀನಾಕ್ಕೆ ಒಂಟೆಯ ತಂಡಗಳಿಗೆ ಸುಮಾರು ನಲವತ್ತು ದಿನಗಳು ಬೇಕಾಗುತ್ತಿದ್ದವು. 1908ರಲ್ಲಿ ಮದೀನಾ ತಲುಪಿದ, ಸುಮಾರು 1,300 ಕಿ.ಮೀ. ಉದ್ದದ ಹಿಜಾಝ್ ರೈಲು ಅದನ್ನು ಕೆಲವೇ ದಿನಗಳಿಗೆ ಇಳಿಸಿತು. ಅದಕ್ಕಾಗಿ ಲೋಕದ ನಾನಾ ಕಡೆಯ ಮುಸ್ಲಿಮರೊಂದಿಗೆ ಭಾರತದ ಮುಸ್ಲಿಮರೂ ದೇಣಿಗೆ ಸಲ್ಲಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಆ ಮಾರ್ಗ ಹಾಳಾಯಿತು.

ಮುಂಬೈಯ ಬಂದರಿನಿಂದ ಹೊರಡುವ ಮೊಗಲ್ ಲೈನ್ ಹಡಗುಗಳು ನಮ್ಮಲ್ಲಿಯ ಹಿರಿಯರಿಗೆ ಇಂದಿಗೂ ನೆನಪಿನಲ್ಲಿವೆ. ಕರ್ನಾಟಕದ ಯಾತ್ರಿಕರು ರೈಲಿನಲ್ಲಿ ಮುಂಬೈ ತಲುಪಿ, ಮುಸಾಫಿರ್‌ಖಾನೆಯಲ್ಲಿ ತಂಗಿ, ಅಕ್ಕಿ, ಬೇಳೆ, ಉಪ್ಪಿನಕಾಯಿಯ ಗಂಟುಗಳೊಂದಿಗೆ ಹಡಗು ಹತ್ತುತ್ತಿದ್ದರು. ಅವು ದಾರಿಯ ಬುತ್ತಿಯಾಗಿದ್ದವು. ಹಡಗಿನ ಮೇಲೆ ಹಲವು ಭಾಷೆಗಳವರು ಒಂದೇ ಇಮಾಮರ ಹಿಂದೆ ನಿಲ್ಲುತ್ತಿದ್ದರು. ತಿಳಿದವರು ತಿಳಿಯದವರಿಗೆ ಹಜ್ಜ್‌ನ ಕರ್ಮಗಳನ್ನು ಕಲಿಸುತ್ತಿದ್ದರು. ಅಸ್ವಸ್ಥರಿಗೆ ಅಪರಿಚಿತರು ಗಂಜಿ ಕುಡಿಸುತ್ತಿದ್ದರು. ದಾರಿಯಲ್ಲಿ ಮರಣ ಹೊಂದಿದವರ ಜನಾಝ ನಮಾಝ್ ನಿರ್ವಹಿಸಿ ಸಮುದ್ರಕ್ಕೆ ಒಪ್ಪಿಸುತ್ತಿದ್ದರು. ಅಕ್ಬರಿ ಎಂಬ ಹಡಗು ಈ ಸಾಲಿನ ಕೊನೆಯದು. ಅದು ಹಳತಾದ ಬಳಿಕ, 1995ರಲ್ಲಿ, ಮುಂಬೈ ಮತ್ತು ಜಿದ್ದಾ ನಡುವಿನ ಹಜ್ಜ್ ಹಡಗು ಯಾನ ನಿಂತುಹೋಯಿತು.

ಯಲಮ್ಲಮ್‌ನಿಂದ ಕರ್ನುಲ್ ಮನಾಝಿಲ್‌ಗೆ

ಹಾದಿ ಬದಲಾದುದು ಮೀಖಾತ್‌ನ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪ್ರವಾದಿ(ಸ)ರು ಮದೀನಾದವರಿಗೆ ದುಲ್‌ಹುಲೈಫ, ಶಾಮ್‌ನವರಿಗೆ ಜುಹ್ಫ, ನಜ್ದ್‌ನವರಿಗೆ ಕರ್ನುಲ್ ಮನಾಝಿಲ್, ಯಮನ್‌ನವರಿಗೆ ಯಲಮ್ಲಮ್ ಎಂದು ಇಹ್ರಾಮ್ ಧರಿಸುವ ಗಡಿಗಳನ್ನು ನಿಶ್ಚಯಿಸಿದರೆಂದೂ, ಬೇರೆ ನಾಡುಗಳಿಂದ ಆ ಹಾದಿಯಾಗಿ ಬರುವವರಿಗೂ ಅವೇ ಗಡಿಗಳೆಂದು ತಿಳಿಸಿದರೆಂದೂ ಇಬ್ನ್ ಅಬ್ಬಾಸ್(ರ) ವರದಿ ಮಾಡಿದ್ದಾರೆ.

ಹಡಗಿನ ಕಾಲದಲ್ಲಿ ಭಾರತೀಯರ ಮೀಖಾತ್ ಯಲಮ್ಲಮ್ ಆಗಿತ್ತು. ಕೆಂಪು ಸಮುದ್ರದಲ್ಲಿ ಅದರ ನೇರಕ್ಕೆ ಬರುವಾಗ ಹಡಗಿನ ಶಿಳ್ಳೆ ಮೊಳಗುತ್ತಿತ್ತು. ಅಷ್ಟರಲ್ಲಿ ಯಾತ್ರಿಕರು ಸ್ನಾನ ಮಾಡಿ, ಎರಡು ಬಿಳಿ ವಸ್ತ್ರಗಳನ್ನು ಧರಿಸಿ, ನಿಯ್ಯತ್ ಮಾಡಿ ಸಿದ್ಧರಾಗುತ್ತಿದ್ದರು. ಜಿದ್ದಾ ತಲುಪಲು ಆಮೇಲೂ ಹಲವು ಗಂಟೆಗಳಿದ್ದವು. ಅಲ್ಲಿಂದ ಮಕ್ಕಾಕ್ಕೆ ಒಂಟೆಯ ಮೇಲೆ ಎರಡು ರಾತ್ರಿಗಳ ಹಾದಿ. ಆ ಅವಧಿಯಿಡೀ ಲಬ್ಬೈಕ್‌ನ ಧ್ವನಿಯಲ್ಲಿ ಕಳೆಯುತ್ತಿತ್ತು.

ವಿಮಾನವು ಸಾಮಾನ್ಯವಾಗಿ ಅರಬಿ ಸಮುದ್ರ ಮತ್ತು ಒಮಾನ್ ದಾಟಿ, ರುಬುಲ್ ಖಾಲಿ ಮರುಭೂಮಿಯ ಮೇಲಿಂದ ಪೂರ್ವದ ಕಡೆಯಿಂದ ಜಿದ್ದಾಕ್ಕೆ ಬರುತ್ತದೆ. ಆದುದರಿಂದ ಅದು ಹಾದುಹೋಗುವುದು ತಾಯಿಫ್ ಸಮೀಪದ ಕರ್ನುಲ್ ಮನಾಝಿಲ್‌ನ ನೇರದಲ್ಲಿ. ಗಂಟೆಗೆ 850 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಆ ಗಡಿ ಕ್ಷಣಮಾತ್ರದಲ್ಲಿ ಹಿಂದೆ ಸರಿಯುತ್ತದೆ. ನಿದ್ದೆಯಲ್ಲಿದ್ದರೆ ಅದು ದಾಟಿದುದೇ ತಿಳಿಯದು. ಹೀಗಾಗಿಯೇ ವಿದ್ವಾಂಸರು ವಿಮಾನ ಹತ್ತುವ ಮುನ್ನವೇ ಇಹ್ರಾಮ್‌ನ ವಸ್ತ್ರ ಧರಿಸಿರಬೇಕು, ಸೂಚನೆ ಬಂದ ಕೂಡಲೇ ನಿಯ್ಯತ್ ಮಾಡಬೇಕು ಎಂದು ಎಚ್ಚರಿಸುತ್ತಾರೆ. ನೇರ ಮದೀನಾಕ್ಕೆ ಹೋಗುವವರ ಮೀಖಾತ್ ದುಲ್‌ಹುಲೈಫ ಆಗಿರುತ್ತದೆ.

ಜಿದ್ದಾದ ವಿಮಾನ ನಿಲ್ದಾಣ 1981ರಲ್ಲಿ ತೆರೆಯಿತು. ಅದರ ಹಜ್ಜ್ ಟರ್ಮಿನಲ್ ಬಿಳಿ ಡೇರೆಗಳ ಸಾಲಿನಂತೆ ಕಾಣುವ ಮಾಡುಗಳಿಗೆ ಪ್ರಸಿದ್ಧ. ಒಟ್ಟು 210 ಡೇರೆಗಳ ಆ ಮಾಡಿನ ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದ ಇಂಜಿನಿಯರ್ ಫಝ್ಲುರ್ರಹ್ಮಾನ್ ಖಾನ್, ಢಾಕಾದಲ್ಲಿ ಜನಿಸಿದವರು. ಅವರು 1982ರ ಮಾರ್ಚ್ ತಿಂಗಳಲ್ಲಿ ಜಿದ್ದಾದಲ್ಲಿಯೇ ನಿಧನರಾದರು. ವಿಮಾನದಿಂದ ಇಳಿದ ಯಾತ್ರಿಕನನ್ನು ಮೊದಲು ಎದುರುಗೊಳ್ಳುವುದು ಹಳೆಯ ದಾರಿಯ ನೆನಪಾದ ಡೇರೆ. ನಾವು ಇನ್ನೂ ಪ್ರಯಾಣಿಕರೇ ಎಂದು ಅದು ಮೌನವಾಗಿ ಹೇಳುವಂತಿದೆ.

ಉಳಿದ ಸಮಯದ ಲೆಕ್ಕ

ಈ ಚರಿತ್ರೆಯನ್ನು ಓದಿ ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ಹೇಳುವುದು ಸರಿಯಲ್ಲ. ಕಾಲರದಿಂದ ಮಡಿದವರನ್ನು, ಕಡಲ್ಗಳ್ಳರ ಕೈಗೆ ಸಿಕ್ಕವರನ್ನು, ಒಂದು ವರ್ಷ ಕಾದು ಕೊನೆಗೂ ತಂದೆ ಮರಳದ ಮನೆಗಳನ್ನು ನೆನೆದರೆ ಆರು ಗಂಟೆಗಳ ಸುರಕ್ಷಿತ ಯಾನ ಎಷ್ಟು ದೊಡ್ಡ ಅನುಗ್ರಹವೆಂದು ತಿಳಿಯುತ್ತದೆ. ಅನ್ನಹ್ಲ್ ಅಧ್ಯಾಯದಲ್ಲಿ ಅಲ್ಲಾಹನು ಭಾರವನ್ನು ದೂರದ ನಾಡುಗಳಿಗೆ ಹೊತ್ತೊಯ್ಯುವ ಪ್ರಾಣಿಗಳನ್ನು, ಸವಾರಿಗಾಗಿ ನೀಡಿದ ಕುದುರೆ, ಹೇಸರಗತ್ತೆ ಮತ್ತು ಕತ್ತೆಗಳನ್ನು ನೆನಪಿಸಿ, ಜನರಿಗೆ ತಿಳಿಯದಿರುವುದನ್ನೂ ತಾನು ಸೃಷ್ಟಿಸುವೆನೆಂದು ತಿಳಿಸುತ್ತಾನೆ. ಸವಾರಿ ಏರುವಾಗ ನಾವು ಹೇಳುವ ದುಆದಲ್ಲಿ, ಇದನ್ನು ನಮಗೆ ಅಧೀನಗೊಳಿಸಿದವನನ್ನು ಸ್ತುತಿಸಿ, ನಾವು ನಮ್ಮ ಪ್ರಭುವಿನೆಡೆಗೆ ಮರಳುವವರೆಂದು ಒಪ್ಪಿಕೊಳ್ಳುತ್ತೇವೆ. ಒಂಟೆಯ ಬೆನ್ನ ಮೇಲೆ ಹೇಳಲ್ಪಟ್ಟ ದುಆ ವಿಮಾನದ ಆಸನದಲ್ಲಿ ಇನ್ನಷ್ಟು ಅರ್ಥಪೂರ್ಣ. ಅಷ್ಟೆತ್ತರದಲ್ಲಿ ನಮ್ಮದೆನ್ನುವ ಶಕ್ತಿ ನಮಗೆ ಯಾವುದೂ ಇರುವುದಿಲ್ಲ.

ಹಾದಿ ದೀರ್ಘವಾಗಿದ್ದ ಮಾತ್ರಕ್ಕೆ ಹಜ್ಜ್ ಸ್ವೀಕೃತವಾಗುತ್ತಿತ್ತು ಎಂದೂ ಭಾವಿಸಬಾರದು. ದೀರ್ಘ ಪ್ರಯಾಣದಿಂದ ಕೂದಲು ಕೆದರಿ ಧೂಳು ಮೆತ್ತಿದ ವ್ಯಕ್ತಿಯೊಬ್ಬನು ಆಕಾಶದತ್ತ ಕೈಯೆತ್ತಿ ಪ್ರಾರ್ಥಿಸುವುದನ್ನು ಪ್ರವಾದಿ(ಸ)ರು ಒಮ್ಮೆ ವರ್ಣಿಸಿದರು. ಅವನ ಆಹಾರ, ಪಾನೀಯ, ಉಡುಪು ಎಲ್ಲವೂ ಹರಾಮ್ ಆಗಿರುವಾಗ ಅವನ ಪ್ರಾರ್ಥನೆಗೆ ಉತ್ತರ ಹೇಗೆ ದೊರೆತೀತು ಎಂದು ಕೇಳಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸ್ ನಮ್ಮ ವಿಷಯಕ್ಕೆ ಕೀಲಿಕೈಯಂತಿದೆ. ಧೂಳು ಮೆತ್ತಿದ ಪ್ರಯಾಣಿಕನಿಗೇ ಈ ಎಚ್ಚರಿಕೆಯಾದರೆ, ಹವಾನಿಯಂತ್ರಿತ ವಿಮಾನದಲ್ಲಿ ಉಡುಪಿನ ಇಸ್ತ್ರಿಯೂ ಕೆಡದಂತೆ ಇಳಿಯುವ ನಮಗೆ ಎಷ್ಟಿರಬೇಕು!

ದೀರ್ಘ ಹಾದಿಯ ಕಾಲದಲ್ಲಿ ಹಜ್ಜ್‌ಗೆ ಹೊರಡುವವನು ಮರಣಕ್ಕೆ ಸಿದ್ಧನಾಗುವಂತೆ ಸಿದ್ಧನಾಗುತ್ತಿದ್ದ. ಇಮಾಮ್ ಗಝ್ಝಾಲಿ(ರ) ತಮ್ಮ ಇಹ್ಯಾ ಗ್ರಂಥದಲ್ಲಿ ಹಜ್ಜ್ ಯಾತ್ರಿಕನು ಪಶ್ಚಾತ್ತಾಪಪಟ್ಟು, ಅನ್ಯಾಯವಾಗಿ ಪಡೆದುದನ್ನು ಮರಳಿಸಿ, ಸಾಲ ತೀರಿಸಿ, ತನ್ನ ಅವಲಂಬಿತರಿಗೆ ಮರಳಿ ಬರುವವರೆಗಿನ ಖರ್ಚನ್ನು ಒದಗಿಸಿ ಹೊರಡಬೇಕೆಂದು ಬೋಧಿಸಿದ್ದಾರೆ. ಇಹ್ರಾಮ್‌ನ ವಸ್ತ್ರವನ್ನು ಅವರು ಕಫನ್‌ಗೆ ಹೋಲಿಸಿದ್ದಾರೆ. ಹೊರಟವನು ಮರಳುವುದು ಖಚಿತವಿಲ್ಲದ ಕಾಲದಲ್ಲಿ ಈ ಬೋಧನೆಗೆ ಒತ್ತಾಯ ಬೇಕಾಗಿರಲಿಲ್ಲ, ಸಮುದ್ರವೇ ಒತ್ತಾಯಿಸುತ್ತಿತ್ತು. ಮುನಿಸಿಕೊಂಡ ಅಣ್ಣನ ಮನೆಯ ಬಾಗಿಲನ್ನು ತಮ್ಮನು ತಟ್ಟುತ್ತಿದ್ದ. ನೆರೆಯವನ ಬೇಲಿಯ ವಿವಾದ ಮುಗಿಯುತ್ತಿತ್ತು. ಸಹೋದರಿಗೆ ಸಲ್ಲಬೇಕಾಗಿದ್ದ ತಂದೆಯ ಆಸ್ತಿಯ ಪಾಲು ಅವಳ ಕೈ ಸೇರುತ್ತಿತ್ತು.

ಈಗ ಮರಳುವ ಟಿಕೆಟು ಕೈಯಲ್ಲಿರುವಾಗಲೇ ನಾವು ಹೊರಡುತ್ತೇವೆ. ಕ್ಷಮೆ ಕೇಳುವ ಕಾರ್ಯ ಎಲ್ಲರಿಗೂ ಒಟ್ಟಿಗೆ ಕಳುಹಿಸುವ ಒಂದು ವಾಟ್ಸ್ಆ್ಯಪ್ ಸಂದೇಶಕ್ಕೆ ಇಳಿದಿದೆ. ಆ ಸಂದೇಶ ನೂರು ಮಂದಿಯನ್ನು ತಲುಪುತ್ತದೆ. ನಾವು ನಿಜವಾಗಿ ನೋಯಿಸಿದ ಒಬ್ಬ ವ್ಯಕ್ತಿಯ ಮನೆಗೆ ಮಾತ್ರ ನಾವು ಹೋಗುವುದಿಲ್ಲ. ಬೆಂಗಳೂರಿನಿಂದ ಜಿದ್ದಾಕ್ಕೆ 4,180 ಕಿ.ಮೀ. ಕ್ರಮಿಸಲು ಸಿದ್ಧರಿರುವ ನಮಗೆ ಪಕ್ಕದ ಬೀದಿಯ ಸಹೋದರಿಯ ಮನೆ ದೂರವಾಗುತ್ತದೆ. ಸಹೋದರಿಯ ಹಕ್ಕನ್ನು ತಡೆಹಿಡಿದ ಹಣದಲ್ಲಿ ಕೊಂಡ ಟಿಕೆಟಿನಿಂದ ಜಿದ್ದಾ ತಲುಪಬಹುದು, ಆದರೆ ಹಜ್ಜ್ ಮಬ್ರೂರ್‌ಗೆ ತಲುಪಬಹುದೇ ಎಂದು ನಾವೇ ನಮ್ಮ ಮನಸ್ಸನ್ನು ಕೇಳಿಕೊಳ್ಳಬೇಕು.

ದೂರವು ಪೂರ್ತಿ ಇಲ್ಲವಾಗಿಲ್ಲ, ಅದು ಜಾಗ ಬದಲಿಸಿದೆ. ಹಿಂದೆ ಕಾಯುವಿಕೆ ದಾರಿಯಲ್ಲಿತ್ತು, ಈಗ ಮನೆಯಲ್ಲಿದೆ. 2024ರಲ್ಲಿ ಭಾರತದ ಪಾಲಿಗೆ ದೊರೆತ ಹಜ್ಜ್ ಸ್ಥಾನಗಳು 1,75,025. ಹಜ್ಜ್ ಸಮಿತಿಯ ಮೂಲಕ ಹೋಗಬಯಸುವವರ ಅರ್ಜಿಗಳು ಸ್ಥಾನಗಳಿಗಿಂತ ಹೆಚ್ಚಾದಾಗ ಚೀಟಿ ಎತ್ತಿ ಆಯ್ಕೆ ಮಾಡಲಾಗುತ್ತದೆ. ಇಂಡೊನೇಷ್ಯಾದಂತಹ ನಾಡುಗಳಲ್ಲಿ ಹೆಸರು ನೋಂದಾಯಿಸಿದವರು ಹತ್ತಾರು ವರ್ಷ ಕಾಯುತ್ತಾರೆ. ಗುಲ್ಬದನ್ ಬೇಗಮ್ ಸೂರತ್‌ನಲ್ಲಿ ಪರವಾನಗಿಗಾಗಿ ಕಾದಂತೆ ನಾವೂ ಸರದಿಗಾಗಿ ಕಾಯುತ್ತೇವೆ. ಈ ಕಾಯುವಿಕೆಯನ್ನು ಹಳೆಯ ಹಾದಿಯ ಜಾಗದಲ್ಲಿ ಇರಿಸಿಕೊಳ್ಳುವುದೇ ಬುದ್ಧಿವಂತಿಕೆ. ಹೆಸರು ಬರೆಸಿದ ದಿನವೇ ನಮ್ಮ ಹಡಗು ಹೊರಟಿತೆಂದು ತಿಳಿಯಬೇಕು. ಸಾಲ, ಆಸ್ತಿ, ವಸಿಯ್ಯತ್, ಮುರಿದ ಸಂಬಂಧ ಇವು ದಾರಿಯ ಮಜಲುಗಳು. ಹಜ್ಜ್‌ನ ಕರ್ಮಗಳ ಕಲಿಕೆ ಹಡಗಿನ ಮೇಲಿನ ಪಾಠ. ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳಲು ಆದೇಶಿಸಿದ ಅಲ್ಲಾಹನು, ಉತ್ತಮವಾದ ಬುತ್ತಿ ತಖ್ವಾ ಎಂದು ಅಲ್‌ಬಖರ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಅದನ್ನು ಕಟ್ಟಿಕೊಳ್ಳಲು ವಿಮಾನ ನಿಲ್ದಾಣದ ಮೂರು ಗಂಟೆಗಳು ಸಾಲವು.

ಹಣಕಾಸು ಇಲ್ಲದೆಯೋ ಆರೋಗ್ಯವಿಲ್ಲದೆಯೋ ಹೋಗಲಾಗದವರು ದುಃಖಿಸಬೇಕಾಗಿಲ್ಲ. ಹಜ್ಜ್ ಸಾಮರ್ಥ್ಯವುಳ್ಳವರ ಮೇಲಷ್ಟೇ ಕಡ್ಡಾಯ. ಆದರೆ ಮೇಲೆ ಹೇಳಿದ ಮಜಲುಗಳನ್ನು ದಾಟಲು ಟಿಕೆಟು ಬೇಕಿಲ್ಲ, ಅವು ನಮ್ಮೆಲ್ಲರ ಮನೆಯ ಅಂಗಳದಲ್ಲಿಯೇ ಇವೆ.

ಅಲ್ಲಾಹನು ನಮ್ಮ ಪೂರ್ವಜರ ದಾರಿಯ ದಣಿವನ್ನು ಸ್ವೀಕರಿಸಲಿ, ದಾರಿಯಲ್ಲಿಯೇ ಮಡಿದವರಿಗೆ ಹಜ್ಜ್‌ನ ಪೂರ್ಣ ಪ್ರತಿಫಲ ದಯಪಾಲಿಸಲಿ. ಅವರಿಗೆ ದೊರೆಯದ ಸೌಲಭ್ಯವನ್ನು ಪಡೆದ ನಮಗೆ ಅದಕ್ಕೆ ತಕ್ಕ ಕೃತಜ್ಞತೆಯನ್ನೂ, ಹೊರಡುವ ಮುನ್ನವೇ ಜನರ ಹಕ್ಕುಗಳನ್ನು ತೀರಿಸುವ ತೌಫೀಖನ್ನೂ ಕರುಣಿಸಲಿ. ಆಮೀನ್.